ಮುಂದೆ ನಡೆಯುವವರ ದನಿ

ರೊಟ್ಟಿ ಬಡಿಯುತ್ತಿದ್ದ ಹೇಮಾಳ ಕೈ ಅರ್ಧಕ್ಕೇ ನಿಂತಿತು. ಹಂಚಿನ ಮೇಲೊಂದು ರೊಟ್ಟಿ ಉಬ್ಬುತ್ತಿತ್ತು, ಹಲಗೆಯ ಮೇಲಿನದು ಇನ್ನೂ ಅಂಗೈಯಗಲ ಇತ್ತು. ಓಣಿಯ ತುದಿಯಲ್ಲಿ ಮಕ್ಕಳ ಗದ್ದಲ ಕೇಳಿದ್ದೇ ತಡ, ಒಲೆಯ ಪಕ್ಕ ಕೂತು ಬಿಸಿರೊಟ್ಟಿಗೆ ಕಾಯುತ್ತಿದ್ದ ಮಗಳು ಕಾವ್ಯ ಎದ್ದು ಹೋಗಿ ಬಾಗಿಲಿಗೆ ಆತು ನಿಂತಿದ್ದಳು. ಹಿಂದಿನಿಂದ ಕಾಣುತ್ತಿದ್ದದ್ದು ಎರಡು ಜಡೆ, ಸಣ್ಣ ಬೆನ್ನು. ಆದರೆ ತಾಯಿಗೆ ಮಗಳ ಮುಖ ನೋಡಲು ಮುಖವೇ ಬೇಕೆಂದಿಲ್ಲ. ಆ ಬೆನ್ನು ಬಿಗಿಯಾದ ರೀತಿಯಲ್ಲೇ ಹೇಮಾಳಿಗೆ ತಿಳಿಯಿತು, ಹುಡುಗಿಯ ತುಟಿಯಲ್ಲಿ ಒಂದು ಮಾತು ಕೂತಿದೆ, ಹೊರಗೆ ಬರಲಾರದೆ ಒದ್ದಾಡುತ್ತಿದೆ.

ಭಾನುವಾರ. ಸೀತಾಫಲದ ಕಾಲ. ಕಡ್ಡಿರಾಂಪುರದ ಆ ಓಣಿಯ ಮಕ್ಕಳು ಪಂಪಾವತಿಯ ಹಿಂದೆ ಗುಡ್ಡಕ್ಕೆ ಹೊರಟಿದ್ದರು.

ಪಂಪಾವತಿ ಹೇಮಾಳ ಗಂಡನ ಅಕ್ಕ. ಗುಡ್ಡದ ಬುಡದಲ್ಲೇ ಅವಳ ಬಾಳೆತೋಟ. ಮಕ್ಕಳೆಲ್ಲ ಮದುವೆಯಾಗಿ ತಮ್ಮ ತಮ್ಮ ಮನೆ ಸೇರಿದ ಮೇಲೆ ಓಣಿಯ ಮಕ್ಕಳ ಮೇಲೆ ಅವಳ ಕಣ್ಣು ಬಿತ್ತು. ಅದಕ್ಕೊಂದು ಕಾರಣವೂ ಇತ್ತು. ಹೋದ ವರ್ಷ ಪಕ್ಕದ ಮನೆಯ ಓಬಳೇಶ, ಆರನೇ ಇಯತ್ತೆಯ ಹುಡುಗ, ತೋಟದ ಕಾಲುವೆಯಲ್ಲಿ ಉಡ ಕಂಡು "ಮೊಸಳಿ, ಮೊಸಳಿ" ಎಂದು ಚಪ್ಪಲಿ ಬಿಟ್ಟು ಓಡಿಬಂದಿದ್ದ. ಊರೆಲ್ಲ ನಕ್ಕಿತು. ಪಂಪಾವತಿ ಮಾತ್ರ ನಗಲಿಲ್ಲ. ಗುಡ್ಡದ ಕಾಲಬುಡದಲ್ಲಿ ಹುಟ್ಟಿದ ಮಕ್ಕಳು ಉಡಕ್ಕೂ ಮೊಸಳೆಗೂ ವ್ಯತ್ಯಾಸ ತಿಳಿಯದೆ ಬೆಳೆದರೆ ಅದು ಮಕ್ಕಳ ತಪ್ಪಲ್ಲ, ತೋರಿಸದೆ ಕೂತ ನಮ್ಮದು ಎಂದಳಂತೆ. ಮುಂದಿನ ಭಾನುವಾರವೇ ಓಬಳೇಶನನ್ನು, ಅವನ ಹಿಂದೆ ಗಂಟುಬಿದ್ದ ಇನ್ನಷ್ಟು ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿದಳು. ಅಂದಿನಿಂದ ಅದೊಂದು ರೂಢಿಯಾಯಿತು. ಭಾನುವಾರ ಬೆಳಗಾದರೆ ಮೊಬೈಲು ಹಿಡಿದು ಮೂಲೆ ಸೇರುತ್ತಿದ್ದ ಮಕ್ಕಳು ಈಗ ಕೋಲು ಹಿಡಿದು ಓಣಿಯಲ್ಲಿ ನಿಲ್ಲುತ್ತಿದ್ದರು.

ಕಾವ್ಯ ಮಾತ್ರ ಹೋಗಿರಲಿಲ್ಲ. ಕರೆಯದೆ ಇದ್ದದ್ದಲ್ಲ. "ಬರ್ತೀಯೇನ?" ಎಂದು ಅತ್ತೆ ಕೇಳಿದಾಗಲೆಲ್ಲ ಹುಡುಗಿ ತಲೆ ತಗ್ಗಿಸಿ ಒಳಗೆ ಬಂದುಬಿಡುತ್ತಿದ್ದಳು.

ಕಾವ್ಯಳಿಗೆ ಮಾತು ತೊದಲುತ್ತಿತ್ತು. ಸಣ್ಣವಳಿದ್ದಾಗ ಅದು ಯಾರಿಗೂ ಭಾರವಾಗಿರಲಿಲ್ಲ. ಹೊಸಪೇಟೆಯ ಶಾಲೆಗೆ ಸೇರಿದ ಮೇಲೆ, ಒಂದು ದಿನ ಪಾಠ ಗಟ್ಟಿಯಾಗಿ ಓದುವಾಗ ಮೊದಲ ಅಕ್ಷರವೇ ಹಿಡಿದುಕೊಂಡುಬಿಟ್ಟಿತು. ಹಿಂದಿನ ಬೆಂಚಿನಿಂದ ಯಾರೋ ಅವಳಂತೆಯೇ ಅಂದರು, ಇಡೀ ತರಗತಿ ನಕ್ಕಿತು. ಅಂದು ಮನೆಗೆ ಬಂದವಳು ಮಾತನ್ನು ಪಾಟೀಚೀಲದ ಜೊತೆ ಕಳಚಿಟ್ಟವಳಂತೆ ಸುಮ್ಮನಾದಳು. ಮನೆಯೊಳಗೆ ತಾಯಿಯ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ಅಪ್ಪನೊಡನೆ ಒಂದೆರಡು ಮಾತು. ಹೊಸ್ತಿಲು ದಾಟಿದರೆ ಬಾಯಿಗೆ ಬೀಗ.

ಹೊರಗಿನ ಮಾತೆಲ್ಲ ಹೇಮಾಳ ಪಾಲಿಗೆ ಬಂತು. ಅಂಗಡಿಯಲ್ಲಿ ಮಗಳಿಗೆ ಯಾವ ಬಿಸ್ಕತ್ತು ಬೇಕು, ಬಂಧುಗಳ ಮನೆಯಲ್ಲಿ ಇನ್ನೊಂದು ಚಮಚ ಅನ್ನ ಸಾಕೋ ಬೇಕೋ, ಎಲ್ಲವನ್ನೂ ಅವಳೇ ಹೇಳುವಳು. ಹೊಸಪೇಟೆಯ ಡಾಕ್ಟರು ಆದಷ್ಟು ತಾಳ್ಮೆಯಿಂದ ತಿಳಿಸಿದ್ದರು: ಮಗುವಿಗೆ ಸಮಯ ಕೊಡಿ, ಅದರ ಮಾತನ್ನು ನೀವು ಮುಗಿಸಬೇಡಿ. ಹೇಮಾ ತಲೆಯಾಡಿಸಿದ್ದಳು. ಆಸ್ಪತ್ರೆಯ ಮೆಟ್ಟಿಲಿಳಿದು ಬಸ್ಸು ಹತ್ತಿದ ಕೂಡಲೇ, "ನಮ್ಮ ಹುಡುಗಿ ಕಿಟಕಿ ಕಡೆ ಕುಂದರ್ತಾಳಂತ, ಸ್ವಲ್ಪ ಸರೀರಿ" ಎಂದು ಪಕ್ಕದವರಿಗೆ ಹೇಳಿಯೂಬಿಟ್ಟಿದ್ದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಗು ಮಾತಿಗೆ ತಡಕಾಡುವುದನ್ನು ನೋಡುತ್ತ ಸುಮ್ಮನೆ ನಿಲ್ಲುವುದು, ಅದು ಎಡವಿ ಬೀಳುವುದನ್ನು ನೋಡುತ್ತ ಕೈಕಟ್ಟಿ ನಿಂತಂತೆ. ಯಾವ ತಾಯಿಯಿಂದಾದೀತು?

ಇವತ್ತೂ ಹಾಗೆಯೇ ಆಯಿತು. ಮಕ್ಕಳ ಸಾಲು ಮನೆ ದಾಟಿ ಹೋಗುವುದರಲ್ಲಿತ್ತು. ಹೇಮಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಅಕ್ಕಾ, ಕಾವ್ಯಾನೂ ಬರ್ತಾಳಂತ ನೋಡ್ರಿ ಎಂದು ಕೂಗಿದಳು.

ಪಂಪಾವತಿ ತಿರುಗಿ ನಿಂತಳು. ಎತ್ತರದ ಹೆಂಗಸು, ಸೀರೆಯನ್ನು ಮೊಣಕಾಲ ಕೆಳಗೆ ಎತ್ತಿ ಸಿಕ್ಕಿಸಿದ್ದಳು, ಹೆಗಲ ಮೇಲೆ ಖಾಲಿ ಬುಟ್ಟಿ.

"ಆಕಿ ಅಂದಳೋ, ನೀ ಅಂದೆಯೋ?"

ಪಂಪಾವತಿ ಕಾವ್ಯಳ ಕಡೆ ನೋಡಿದಳು. ಹುಡುಗಿ ಚೌಕಟ್ಟು ಬಿಟ್ಟಿರಲಿಲ್ಲ, ಆದರೆ ಒಳಗೂ ಓಡಿರಲಿಲ್ಲ. ಕಾಲಿಗೆ ಆಗಲೇ ಚಪ್ಪಲಿ ಏರಿತ್ತು.

"ಇರ್ಲಿ. ಕಾಲು ಹೂಂ ಅಂದಾವು," ಎಂದಳು ಪಂಪಾವತಿ. "ನೀನೂ ಬಾ. ರೊಟ್ಟಿ ಮೌನೇಶ ಬಡಕೊಂಡು ತಿಂತಾನ."

ಹಂಪಿ ಬಜಾರಿನಲ್ಲಿ ಆಟೋ ಓಡಿಸುವ ಹೇಮಾಳ ಗಂಡ ಮೌನೇಶ ಆಗತಾನೆ ಮುಖ ತೊಳೆದು ಬಂದವನು, ತನಗೆ ರೊಟ್ಟಿ ಬಡಿಯಲು ಬಂದಿದ್ದರೆ ಮದುವೆ ಯಾಕೆ ಆಗುತ್ತಿದ್ದೆ ಎಂದು ಗೊಣಗಿದ. ಆದರೆ ಹಂಚಿನ ಮೇಲಿನ ರೊಟ್ಟಿ ಸೀಯದಂತೆ ತಿರುವಿ ಹಾಕಿದವನೂ ಅವನೇ.

ಬಾಳೆತೋಟ ದಾಟಿದರೆ ಗುಡ್ಡ. ಗುಡ್ಡವೆಂದರೆ ಮಣ್ಣಲ್ಲ, ಕಲ್ಲು. ಆನೆಯಷ್ಟು, ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತು, ನಡುವೆ ಎಲ್ಲಿ ಹಿಡಿ ಮಣ್ಣು ಸಿಕ್ಕಿದೆಯೋ ಅಲ್ಲೆಲ್ಲ ಸೀತಾಫಲ, ಕಾರೆ, ಬಾರೆಯ ಪೊದೆ. ಹೇಮಾ ಮದುವೆಯಾಗಿ ಬಂದಾಗಿನಿಂದ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳೇ ಹೊರತು ಕಾಲಿಟ್ಟಿರಲಿಲ್ಲ. ಅವಳು ಕಂಪ್ಲಿಯವಳು, ಗದ್ದೆಸೀಮೆಯ ಹೆಣ್ಣು. ಗುಡ್ಡವೆಂದರೆ ಕರಡಿ ಇರುವ ಜಾಗ ಎಂದಷ್ಟೇ ಅವಳಿಗೆ ಗೊತ್ತು.

ಕರಡಿ ಇರುವುದು ನಿಜವೇ ಆಗಿತ್ತು. ದರೋಜಿಯಲ್ಲಿ ಅವಕ್ಕೆಂದೇ ಕಾಡು ಮೀಸಲಿದ್ದರೂ ಕರಡಿಗಳಿಗೆ ಮೀಸಲಿನ ಗೆರೆ ಯಾರು ತೋರಿಸಿದ್ದಾರೆ? ಈ ಗುಡ್ಡಗಳ ಗವಿಗಳಲ್ಲೂ ಹಗಲೆಲ್ಲ ಮಲಗಿ ಸಂಜೆಗೆ ಇಳಿಯುತ್ತವೆ. ಅದಕ್ಕೇ ಪಂಪಾವತಿ ಬಿಸಿಲು ಚೆನ್ನಾಗಿ ಏರಿದ ಮೇಲೆ ಹತ್ತಿಸುವಳು, ಬಿಸಿಲು ಓರೆಯಾಗುವ ಮೊದಲೇ ಇಳಿಸುವಳು. ಇಲಾಖೆಯ ಗಡಿಕಲ್ಲು ಕಂಡರೆ ಅದರಾಚೆ ಒಂದು ಹೆಜ್ಜೆಯೂ ಇಲ್ಲ.

ಗುಡ್ಡದ ಬುಡದಲ್ಲಿ ಅವಳು ಎಲ್ಲರನ್ನೂ ನಿಲ್ಲಿಸಿದಳು. ಯಾರು ಮುಂದೆ ನಡೆಯುತ್ತೀರಿ ಎಂದು ಅವಳು ಕೇಳಲಿಲ್ಲ. ಸುಮ್ಮನೆ ಕಾದಳು. ಓಬಳೇಶ ಮುಂದೆ ಬಂದು, ಅತ್ತೀ, ನಾ ಮುಂದ ನಡೀಲೇನು ಎಂದು ಕೇಳಿದ. ಹೂಂ ಎಂದಳು. ಅಲ್ಲಿಗೆ ಆ ದಿನದ ಪಾಳಿ ಅವನದಾಯಿತು.

ಅದು ಅವಳ ಪದ್ಧತಿ. ಮುಂದೆ ನಡೆಯುವ ಕೆಲಸವನ್ನು ಯಾರಿಗೂ ಅವಳಾಗಿ ಕೊಡುವುದಿಲ್ಲ. ಬೇಕಾದವರು ಬಾಯಿಬಿಟ್ಟು ಕೇಳಬೇಕು. ಯಾಕೆಂದರೆ ಮುಂದಿನವರ ಕೆಲಸವೇ ದನಿ ಕೊಡುವುದು. ಪ್ರತಿ ಗುಂಡಿನ ತಿರುವಿನಲ್ಲೂ, ಪ್ರತಿ ಪೊದೆಯ ಸಂದಿಯಲ್ಲೂ "ಹೋಯ್" ಎಂದು ಕೂಗಬೇಕು. ಹಿಂದಿನವರು ಒಬ್ಬೊಬ್ಬರಾಗಿ ತಮ್ಮ ತಮ್ಮ ದನಿ ಹಾಕಬೇಕು. ಕರಡಿಗೆ ಕಣ್ಣು ಮಂದ, ಮನುಷ್ಯ ಏಕಾಏಕಿ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ಬರುತ್ತಿದ್ದೇವೆ ಎಂದು ಮೊದಲೇ ತಿಳಿದರೆ ತಾನೇ ದಾರಿ ಬಿಟ್ಟು ಹೋಗುತ್ತದೆ.

"ಮಂದಿ ಮನಿಗೆ ಹೋದ್ರ ಬಾಗಲಾ ಬಡಿತೀವಿಲ್ಲೋ? ಹಂಗ ಇದು," ಎಂದು ಅವಳು ಹೊಸಬರಿಗಾಗಿ ಹೇಳಿದಳು. "ಇದು ಅವುಗಳ ಮನಿ."

ಓಬಳೇಶ ಹೊಸಪೇಟೆ ಬಸ್‌ಸ್ಟ್ಯಾಂಡಿನ ಕಂಡಕ್ಟರನಂತೆ ಕೂಗುತ್ತ ಹೊರಟ. ಹಿಂದಿನ ಹುಡುಗರಲ್ಲಿ ಒಬ್ಬ ಸಿಳ್ಳೆ ಹಾಕುತ್ತಿದ್ದ, ಒಬ್ಬ ಹೋತಿನಂತೆ ಅರಚುತ್ತಿದ್ದ. ಎಲ್ಲರಿಗಿಂತ ಚಿಕ್ಕ ಹುಡುಗಿ ವಿರುಪಮ್ಮ, ಅಜ್ಜಿಯ ಹೆಸರು ಹೊತ್ತವಳು, ಅಜ್ಜಿಯಂತೆಯೇ "ಬಂದೆನವ್ವಾ" ಎಂದು ರಾಗ ಎಳೆಯುತ್ತಿದ್ದಳು. ಆಮೇಲೆ ಕಾವ್ಯಳ ಸರದಿ ಬಂತು. ಸಾಲು ಮೌನವಾಯಿತು. ಎರಡು ಉಸಿರು ಕಳೆಯುವಷ್ಟರಲ್ಲಿ, ಸಾಲಿನ ಕೊನೆಯಲ್ಲಿದ್ದ ಹೇಮಾ, "ಹೋಯ್, ಕಾವ್ಯಾನೂ ಅದಾಳ, ನಾನೂ ಅದೀನಿ" ಎಂದು ಕೂಗಿಬಿಟ್ಟಳು.

ಪಂಪಾವತಿ ಒಮ್ಮೆ ಹಿಂದಕ್ಕೆ ನೋಡಿದಳು.

ಆ ದಿನ ಹೇಮಾ ಮಗಳಿಗಿಂತ ಹೆಚ್ಚಾಗಿ ಪಂಪಾವತಿಯನ್ನೇ ನೋಡಿದಳು. ಮನೆಗೆ ಬಂದರೆ ಚಹಾ ಕುಡಿದು ಬಾಳೆಯ ದರ ಮಾತಾಡಿ ಹೋಗುವ ಹೆಂಗಸು ಇವಳೇನಾ ಎನಿಸಿತು. ಅವಳು ಮಕ್ಕಳಿಗೆ ಪಾಠ ಹೇಳುತ್ತಿರಲಿಲ್ಲ. ಅಗೆದಿದ್ದ ಹುತ್ತದ ಮುಂದೆ ಕೂತು, ಮಣ್ಣು ಮುಟ್ಟಿ ನೋಡ್ರಿ ಎನ್ನುವಳು. ಒಣಗಿದೆಯೇ, ಹಸಿಯೇ? ಒಣಗಿದ್ದರೆ ಕರಡಿ ಬಂದು ಹೋಗಿ ಬಹಳ ಹೊತ್ತಾಗಿದೆ. ಹಸಿಯಿದ್ದರೆ ಪೊದೆಗೆ ಹೋಗಬಾರದು, ಬಯಲ ಬಂಡೆ ಹತ್ತಿ ನಿಲ್ಲಬೇಕು, ಓಡಬಾರದು. ಕೂಗಲು ಗಂಟಲು ಒಣಗಿದರೆ ಕಲ್ಲಿಗೆ ಕಲ್ಲು ಕುಟ್ಟಬೇಕು, ಈ ಗುಡ್ಡದಲ್ಲಿ ಕಲ್ಲಿನ ಸದ್ದು ಬಾಯಿಯ ಸದ್ದಿಗಿಂತ ದೂರ ಹೋಗುತ್ತದೆ. ಅಷ್ಟೇ ಹೇಳಿ ಎದ್ದುಬಿಡುವಳು. ಸೀತಾಫಲ ಕೀಳುವುದಕ್ಕೂ ಒಂದು ಲೆಕ್ಕ. ಕಣ್ಣು ಬಿಟ್ಟ ಕಾಯಿ ಮಾತ್ರ ಮುಟ್ಟಬೇಕು, ಅಂದರೆ ಕಾಯಿಯ ಮೇಲಿನ ಉಬ್ಬುಗಳ ನಡುವಿನ ಗೆರೆ ಬೆಳ್ಳಗೆ ಬಿರಿದಿರಬೇಕು. ಕಣ್ಣು ಮುಚ್ಚಿದ್ದನ್ನು ಕಿತ್ತರೆ ಅಕ್ಕಿಯಲ್ಲಿ ಹೂತಿಟ್ಟರೂ ಹಣ್ಣಾಗದು, ಕಲ್ಲಾಗುತ್ತದೆ. ಗಿಡದ ಬುಡದ ಕಡೆಯ ಹಣ್ಣು ಯಾರೂ ಕೀಳುವಂತಿಲ್ಲ. ಅದು ಕರಡಿಯ ಪಾಲು, ಅದರ ಮರಿಗಳ ಪಾಲು.

ಓಬಳೇಶ, ಕರಡಿ ಮರ ಹತ್ತುತ್ತದೆ, ಮೇಲಿನದನ್ನೂ ತಿನ್ನುತ್ತದೆ, ಮತ್ತೆ ಕೆಳಗಿನದು ಯಾಕೆ ಬಿಡಬೇಕು ಎಂದು ವಾದ ಹೂಡಿದ. ನಿನ್ನ ಮನೆಗೆ ಬಂದವರು ಅಟ್ಟದ ಮೇಲಿನ ಡಬ್ಬಿ ಬಿಟ್ಟು ತಟ್ಟೆಯಲ್ಲಿದ್ದದ್ದೇ ತಿಂದು ಹೋದರೆ ನಿನಗೆ ಹೇಗಾದೀತು ಎಂದು ಪಂಪಾವತಿ ಕೇಳಿದಳು. ಅವನು ಸ್ವಲ್ಪ ಯೋಚಿಸಿ, ಅಟ್ಟದ ಮೇಲೆ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ ಎಂದ. ಎಲ್ಲರೂ ನಕ್ಕರು. ಕಾವ್ಯಳೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ಮರುವಾರ ಹೇಮಾ ಎಬ್ಬಿಸುವ ಮೊದಲೇ ಹುಡುಗಿ ಎದ್ದು ಕೂತಿದ್ದಳು. ಅದರ ಮುಂದಿನ ವಾರವೂ. ಕಾವ್ಯಳ ಕೈಗಳು ಮಾತಿಗಿಂತ ಬೇಗ ಕಲಿತವು. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ದೊನ್ನೆ ಮಾಡುವುದು, ಬಂಡೆಯ ದೊಣೆಯಲ್ಲಿ ನಿಂತ ಮಳೆನೀರಿನ ಮೇಲಿನ ಪಾಚಿಯನ್ನು ಸರಿಸಿ ಹುಳುವಿಲ್ಲದ ಕಡೆ ಮುಖ ತೊಳೆಯುವುದು, ಕಲ್ಲಿನ ಎಡೆಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ಹಾವಿಗೆ ಹೊರಡಲು ಸಮಯ ಕೊಡುವುದು. ಹೇಮಾ ಎಡವಿದ ಕಡೆ ಮಗಳು ಎಡವುತ್ತಿರಲಿಲ್ಲ. ಕಲ್ಲಿನ ಬಣ್ಣ ನೋಡಿಯೇ ಯಾವುದು ಅಲ್ಲಾಡುತ್ತದೆ, ಯಾವುದು ಇಲ್ಲ ಎಂದು ಅವಳ ಕಾಲಿಗೆ ಗೊತ್ತಾಗತೊಡಗಿತ್ತು. ಶಾಲೆಯ ಪುಸ್ತಕದ ಮುಂದೆ ಕುಗ್ಗಿ ಕೂರುವ ಹುಡುಗಿ ಇಲ್ಲಿ ಬೆನ್ನು ನೆಟ್ಟಗೆ ಮಾಡಿ ನಡೆಯುವುದನ್ನು ನೋಡುತ್ತ ಹೇಮಾ ಹಿಂದೆ ಹಿಂದೆ ಬರುತ್ತಿದ್ದಳು.

ಆದರೆ ಪ್ರತಿ ಭಾನುವಾರ ಗುಡ್ಡದ ಬುಡದಲ್ಲಿ ಒಂದು ಗಳಿಗೆ ಬರುತ್ತಿತ್ತು. ಪಂಪಾವತಿ ಕಾಯುತ್ತ ನಿಲ್ಲುವಳು. ಕಾವ್ಯ ಒಂದು ಹೆಜ್ಜೆ ಮುಂದೆ ಬರುವಳು. ತುಟಿ ಕೂಡುತ್ತಿತ್ತು, ಗಲ್ಲ ಬಿಗಿಯುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬರು ಕೇಳಿಬಿಡುವರು. ಹುಡುಗಿ ಮತ್ತೆ ಸಾಲಿಗೆ ಸೇರುವಳು. ಪುಟಾಣಿ ವಿರುಪಮ್ಮ ಕೂಡ ಒಂದು ವಾರ ಮುಂದೆ ನಡೆದಳು. ಅಂದು ರಾತ್ರಿ ಊಟಕ್ಕೆ ಕೂತಾಗ ಕಾವ್ಯಳ ಕಣ್ಣು ತಟ್ಟೆಯಲ್ಲಿರಲಿಲ್ಲ.

ಮುಂದಿನ ವಾರ ಹೇಮಾಳಿಗೆ ತಡೆಯಲಾಗಲಿಲ್ಲ. ಕಾವ್ಯ ಮುಂದೆ ನಡೆಯಬೇಕಂತೆ ಅಕ್ಕಾ ಎಂದು ಕೇಳಿಯೇಬಿಟ್ಟಳು.

"ನಿನಗ ನಡೀಬೇಕಂದ್ರ ನಡಿ," ಎಂದಳು ಪಂಪಾವತಿ. "ಸೀರಿ ಎತ್ತಿ ಕಟ್ಟಿ ಮುಂದ ಬಾ. ಬಾಯಿ ಅಂತೂ ಭಾಳ ಜೋರೈತಿ."

ಮಕ್ಕಳು ಕಿಸಕ್ಕೆಂದರು. ಹೇಮಾ ಕೆಂಪಾದಳು. ಕಾವ್ಯ ತಾಯಿಯ ಮುಖ ನೋಡದೆ ಮಕ್ಕಳ ಸಾಲಿನ ಕೊನೆಗೆ ಹೋಗಿ ನಿಂತಳು. ಹೇಮಾಳಿಗೆ ಒಳಗೊಳಗೇ ಸಿಟ್ಟು ಬಂತು. ಇಷ್ಟು ಒಳ್ಳೆಯ ಹೆಂಗಸಿಗೆ ಒಂದು ಮಗುವಿನ ಕಷ್ಟ ಯಾಕೆ ತಿಳಿಯುವುದಿಲ್ಲ? ಒಂದು ಸಲ ಹೂಂ ಎಂದರೆ ಇವಳ ಗಂಟೇನು ಹೋಗುತ್ತದೆ?

ಆ ದಿನ ಇಳಿಯುವಾಗ ಬುಟ್ಟಿ ತುಂಬಿತ್ತು, ಹೇಮಾ ತಲೆಯ ಮೇಲೆ ಹೊತ್ತಿದ್ದಳು. ಒಂದು ಕಡೆ ದಾರಿ ಇಳಿಜಾರು, ಸಡಿಲ ಹರಳು. ಅಲ್ಲಿಯವರೆಗೆ ಕಾವ್ಯಳ ಹಿಂದೆ ಬರುತ್ತಿದ್ದ ಹೇಮಾ ಮಗಳನ್ನು ದಾಟಿ ಮುಂದೆ ಬಂದಳು. ಜಾರಿದರೆ ನನ್ನ ಮೇಲೆ ಬೀಳಲಿ ಎಂಬುದು ಅವಳ ಲೆಕ್ಕ. ಹಾಗೆ ಸಾಲಿನ ಕೊನೆ ಕಾವ್ಯಳದಾಯಿತು. ಎರಡು ಗುಂಡುಗಳ ನಡುವಿನ ಸಂದಿ ದಾಟುವಾಗ ಮುಂದಿನಿಂದ ಓಬಳೇಶನ ಕೂಗು ಬಂತು. ಸಿಳ್ಳೆ, ಹೋತು, ಅಜ್ಜಿಯ ರಾಗ. ಆಮೇಲೆ ಹೇಮಾ, ತಲೆಯ ಮೇಲಿನ ಬುಟ್ಟಿಯಿಂದಾಗಿ ಕತ್ತು ತಿರುಗಿಸಲಾರದೆ, ರೂಢಿಯಂತೆ, "ನಾನೂ ಅದೀನಿ, ಕಾವ್ಯಾನೂ ಅದಾಳ" ಎಂದಳು.

ತೋಟದ ಮೇಲಿನ ಚಪ್ಪಟೆ ಬಂಡೆಗೆ ಬಂದು ಬುಟ್ಟಿ ಇಳಿಸಿದಾಗ ಅವಳ ಹಿಂದೆ ಯಾರೂ ಇರಲಿಲ್ಲ.

ಹೇಮಾಳ ಬಾಯಿಂದ ಕೂಗು ಹೊರಡುವ ಮೊದಲೇ ಪಂಪಾವತಿ ಅವಳ ತೋಳು ಹಿಡಿದಿದ್ದಳು. ಮಕ್ಕಳಿಗೆಲ್ಲ ಬಂಡೆಯ ಮೇಲೆ ಒತ್ತಾಗಿ ಕೂರಲು ಹೇಳಿದಳು. ಅವಳ ದನಿಯಲ್ಲಿ ಅವಸರವಿರಲಿಲ್ಲ, ಆದರೆ ಮುಖದ ಬಣ್ಣ ಇಳಿದಿತ್ತು.

"ಸಂದಿ ದಾಟೂಮುಂದ ಆಕಿ ದನಿ ಕೊಟ್ಟಳೇನು?"

"ನಾ ಕೊಟ್ಟೆ," ಎಂದಳು ಹೇಮಾ.

ಪಂಪಾವತಿ ಕಣ್ಣು ಮುಚ್ಚಿ ತೆರೆದಳು. ಓಬಳೇಶ ಎದ್ದು ಕಾವ್ಯಾ ಎಂದು ಗುಡ್ಡ ನಡುಗುವಂತೆ ಕೂಗಿದ. ಗುಂಡುಗಳು ಹೆಸರನ್ನು ಅತ್ತ ಇತ್ತ ಎಸೆದಾಡಿ ಸುಮ್ಮನಾದವು. ಉತ್ತರ ಬರಲಿಲ್ಲ. ಎಲ್ಲಿಂದ ಬಂದೀತು? ಬೀಗ ಬಿದ್ದ ಬಾಯಿ ಅದು, ಕೀಲಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದವಳು ತಾನು ಎಂದು ಹೇಮಾಳಿಗೆ ಆ ಕ್ಷಣಕ್ಕೆ ಅನಿಸಿತು.

"ಸುಮ್ಕಿರ್ರಿ ಎಲ್ಲಾರೂ. ಕೇಳ್ರಿ," ಎಂದಳು ಪಂಪಾವತಿ.

ಗಾಳಿ. ತೋಟದ ಬಾಳೆ ಎಲೆಯ ಪಟಪಟ. ದೂರದ ರಸ್ತೆಯಲ್ಲಿ ಹಂಪಿಗೆ ಹೋಗುವ ಗಾಡಿಯ ಹಾರನ್ನು. ಅದರ ಕೆಳಗೆ ಎಲ್ಲೋ, ಮೊದಲು ಇದೆಯೋ ಇಲ್ಲವೋ ಎಂಬಂತೆ, ಆಮೇಲೆ ಖಚಿತವಾಗಿ, ಟಕ್, ಟಕ್, ಟಕ್.

ಕಲ್ಲಿಗೆ ಕಲ್ಲು.

ಮಕ್ಕಳನ್ನು ಓಬಳೇಶನ ವಶಕ್ಕೆ ಬಿಟ್ಟು ಇಬ್ಬರೂ ಹತ್ತಿದರು. ಪಂಪಾವತಿ ಕೂಗುತ್ತ ಮುಂದೆ, ಹೇಮಾ ಹಿಂದೆ. ಸಂದಿಯ ಎಡಕ್ಕೆ ಒಂದು ಅಡ್ಡದಾರಿ ಒಡೆದಿತ್ತು. ಅದರ ಪಕ್ಕ ಹುತ್ತವೊಂದು ಬುಡ ಸಮೇತ ಬಗೆದು ಬಿದ್ದಿತ್ತು. ಹೇಮಾ ಬಗ್ಗಿ ಮಣ್ಣು ಮುಟ್ಟಿದಳು. ಹಸಿಯಾಗಿತ್ತು. ಬೆರಳಿಗೆ ತಣ್ಣಗೆ ಅಂಟಿತು. ಅವಳು ಪಂಪಾವತಿಯ ಮುಖ ನೋಡಿದಳು. ಪಂಪಾವತಿ ನಿಲ್ಲಲಿಲ್ಲ, ಕೂಗುವುದನ್ನೂ ಬಿಡಲಿಲ್ಲ.

ಪೊದೆಗಳಾಚೆ, ನಾಲ್ಕೂ ಕಡೆ ಬಯಲಾದ ಬಂಡೆಯ ನೆತ್ತಿಯ ಮೇಲೆ, ಬಿಸಿಲಲ್ಲಿ ಕಾವ್ಯ ನಿಂತಿದ್ದಳು. ಎರಡು ಕೈಯಲ್ಲಿ ಎರಡು ಕಲ್ಲು. ಕಣ್ಣು ಪೊದೆಯ ಕಡೆಗೆ, ಕೈ ಮಾತ್ರ ಬಿಡದೆ ಕುಟ್ಟುತ್ತಿತ್ತು. ಬೆರಳ ಗೆಣ್ಣು ತರಚಿ ಕೆಂಪಾಗಿತ್ತು. ಓಡಿರಲಿಲ್ಲ, ಕೂತಿರಲಿಲ್ಲ, ಅತ್ತಿರಲೂ ಇಲ್ಲ. ತಾಯಿಯನ್ನು ಕಂಡ ಮೇಲೇ ಕಲ್ಲು ಕೆಳಗೆ ಬಿದ್ದವು, ಅಳು ಬಂತು.

ಹೇಮಾ ಅವಳನ್ನು ಅಪ್ಪಿಕೊಂಡು ಎಷ್ಟು ಹೊತ್ತು ನಿಂತಳೋ. ಪಂಪಾವತಿ ಸುಮ್ಮನೆ ಪಕ್ಕದಲ್ಲಿ ನಿಂತು ಸುತ್ತ ಕಣ್ಣಾಡಿಸುತ್ತಿದ್ದಳು. ಆಮೇಲೆ ಹುಡುಗಿಯ ಕೈ ಹಿಡಿದು ತರಚಿದ ಗೆಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು.

"ನಾನು ಇದ್ದಿದ್ರೂ ಇಷ್ಟ ಮಾಡ್ತಿದ್ದೆ ನೋಡವ್ವ. ಇದಕ್ಕಿಂತ ಹೆಚ್ಚಿಗಿ ಏನೂ ಮಾಡ್ತಿದ್ದಿಲ್ಲ."

ಬೇರೆ ಹೊಗಳಿಕೆ ಇರಲಿಲ್ಲ. ಆದರೆ ಆ ಮಾತಿಗೆ ಕಾವ್ಯಳ ಅಳು ನಿಂತಿತು. ಅವಳು ಮುಖ ಎತ್ತಿ ಅತ್ತೆಯನ್ನು ನೋಡಿದ ಬಗೆಯನ್ನು ಹೇಮಾ ಆಮೇಲೆ ಎಷ್ಟೋ ದಿನ ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ ನೆನೆದುಕೊಂಡಳು.

ಮಕ್ಕಳನ್ನೆಲ್ಲ ಅವರವರ ಮನೆ ಸೇರಿಸಿದ ಮೇಲೆ ಪಂಪಾವತಿ ಹೇಮಾಳ ಕಟ್ಟೆಯ ಮೇಲೆ ಕೂತಳು. ಬೈಯುತ್ತಾಳೆಂದು ಹೇಮಾ ಕಾದಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು. ಪಂಪಾವತಿ ನೀರು ಕೇಳಿ ಕುಡಿದು, ಚೊಂಬು ಕೆಳಗಿಟ್ಟು, ಹೇಮಾಳಿಗೆ ಮಾತ್ರ ಕೇಳುವಂತೆ ಹೇಳಿದಳು.

"ದನಿ ಅಂದ್ರ ಹಾಜರಿ ಕೂಗೋದಲ್ಲ ಹೇಮಾ. ಯಾರು ಎಲ್ಲಿ ಅದಾರ ಅಂತ ನನಗ ತಿಳಿಯಾಕ ಐತಿ ಅದು. ಆಕಿ ಸುಮ್ಕಿದ್ರ ಸುಮ್ಕಿರಲಿ. ಆಕಿ ಜಾಗಾ ಖಾಲಿ ಇದ್ರ ನಾ ತಿರುಗಿ ನೋಡ್ತಿದ್ದೆ. ನೀ ಆ ಜಾಗಾ ತುಂಬಿದ್ರ ನಾ ಆಕೀನ ಎಲ್ಲಿ ಅಂತ ಹುಡುಕಲಿ?"

ಇಷ್ಟು ದಿನ ಇವಳಿಗೆ ತನ್ನ ಮಗುವಿನ ಕಷ್ಟ ತಿಳಿಯದು ಎಂದು ಹೇಮಾ ಅಂದುಕೊಂಡಿದ್ದಳು. ತಿಳಿದೇ ಇವಳು ಕಾಯುತ್ತಿದ್ದಳು. ಪ್ರತಿ ಸಲ ಕಾವ್ಯಳ ಸರದಿಗೆ ಬರುತ್ತಿದ್ದ ಆ ಮೌನವನ್ನು, ಹೇಮಾಳಿಗೆ ಮುಳ್ಳಿನಂತೆ ಚುಚ್ಚುತ್ತಿದ್ದ ಆ ಮೌನವನ್ನು, ಇವಳು ಹುಡುಗಿಯ ಜಾಗವೆಂದು ಉಳಿಸಿಟ್ಟಿದ್ದಳು.

ಸಂಜೆ ಕಾವ್ಯ ಅಡುಗೆಮನೆಯಲ್ಲಿ ತಾಯಿಯ ಪಕ್ಕ ಕೂತು ಆದದ್ದನ್ನು ಹೇಳತೊಡಗಿದಳು. ಗೌಜಲಹಕ್ಕಿಯೊಂದು ಮರಿಗಳ ಸಾಲು ಕಟ್ಟಿಕೊಂಡು ದಾರಿಗೆ ಅಡ್ಡ ಬಂತು. ಮರಿ ದಾಟುವಾಗ ನಿಲ್ಲಬೇಕೆಂದು ಅತ್ತೆ ಹೇಳಿದ್ದಕ್ಕೆ ನಿಂತಳು. ಒಂದು ಮರಿ ಹಿಂದುಳಿದಿತ್ತು, ಅದಕ್ಕೂ ಕಾದಳು. ತಲೆ ಎತ್ತಿದರೆ ಅವ್ವ ಇರಲಿಲ್ಲ. ಆಮೇಲೆ ತಪ್ಪು ಸಂದಿ, ಹುತ್ತ, ಹಸಿ ಮಣ್ಣು. ಇಷ್ಟನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. "ಗ" ಹಿಡಿದುಕೊಂಡಿತು, "ಮ" ಹಿಡಿದುಕೊಂಡಿತು. ಹೇಮಾಳಿಗೆ ಪ್ರತಿ ಸಲ ಮುಂದಿನ ಪದ ಗೊತ್ತಿತ್ತು, ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿದಳು. ಒಲೆಯ ಮೇಲಿನ ಸಾರು ಉಕ್ಕಿ ಉರಿ ಆರಿತು. ಮೌನೇಶ ಬಾಗಿಲಲ್ಲಿ ನಿಂತು ಏನೋ ಕೇಳಲು ಬಾಯಿ ತೆರೆದ. ಹೇಮಾ ಕೈಯೆತ್ತಿ ಅವನನ್ನು ತಡೆದಳು. ಮಗಳ ಮಾತು ಅದರ ಪಾಡಿಗೆ ಅದು ಎದ್ದು ಬಿದ್ದು ಕೊನೆಯವರೆಗೂ ಬಂತು.

ಕಾವ್ಯಳನ್ನು ಮತ್ತೆ ಕಳಿಸಬೇಕೋ ಬೇಡವೋ ಎಂಬ ಮಾತು ಆ ವಾರ ಮನೆಯಲ್ಲಿ ಬಂತು. ಮೌನೇಶನಿಗೆ ಭಯ. ಹೇಮಾಳಿಗೆ ಭಯವಿಲ್ಲವೆಂದಲ್ಲ. ಆದರೆ ಬಂಡೆಯ ಮೇಲೆ ನಿಂತಿದ್ದ ಆ ಸಣ್ಣ ಆಕೃತಿ ಅವಳ ಕಣ್ಣಿಂದ ಹೋಗುತ್ತಿರಲಿಲ್ಲ. ತಾನಿಲ್ಲದ ಕಡೆ, ತನ್ನ ದನಿ ಮುಟ್ಟದ ಕಡೆ, ತನ್ನ ಮಗಳು ಒಬ್ಬಳೇ ಸರಿಯಾದದ್ದನ್ನು ಮಾಡಿದ್ದಳು. ಅದನ್ನು ಬಾಗಿಲು ಹಾಕಿ ಮನೆಯಲ್ಲಿ ಕೂರಿಸುವುದು ಹೇಗೆ? ಮೌನೇಶ ಕೊನೆಗೆ, ಹಾಗಾದರೆ ನಾನೂ ಒಂದು ದಿನ ಬರುತ್ತೇನೆ, ನನಗೂ ಉಡ ಮೊಸಳೆ ವ್ಯತ್ಯಾಸ ಅಷ್ಟಕ್ಕಷ್ಟೇ ಎಂದು ನಕ್ಕುಬಿಟ್ಟ.

ಭಾನುವಾರ ಗುಡ್ಡದ ಬುಡದಲ್ಲಿ ಮಕ್ಕಳು ಎಂದಿನಂತೆ ಕೂಡಿದರು. ಪಂಪಾವತಿ ಕೋಲೂರಿ ನಿಂತಳು. ಯಾರನ್ನೂ ಕೇಳಲಿಲ್ಲ, ಯಾರ ಕಡೆಯೂ ವಿಶೇಷವಾಗಿ ನೋಡಲಿಲ್ಲ. ಓಬಳೇಶ ಬಾಯಿ ತೆರೆದವನು, ಪಕ್ಕದಲ್ಲಿ ಕಾವ್ಯಳ ಕಾಲು ಮುಂದೆ ಬಂದದ್ದು ಕಂಡು ಮುಚ್ಚಿದ. ಅವನು ಬಾಯಿ ಮುಚ್ಚಿದ್ದನ್ನು ಹೇಮಾ ಅದೇ ಮೊದಲ ಸಲ ನೋಡಿದ್ದು. ವಿರುಪಮ್ಮ ಏನೋ ಹೇಳಹೊರಟಾಗ ಅವನೇ ಅವಳ ಜಡೆ ಮೆಲ್ಲಗೆ ಜಗ್ಗಿದ.

ಕಾವ್ಯ ಅತ್ತೆಯ ಎದುರು ನಿಂತಳು. ತುಟಿ ಕೂಡಿತು. ಗಲ್ಲ ಬಿಗಿಯಿತು. ಮಾತು ಬರಲಿಲ್ಲ.

ಆ ಪ್ರಶ್ನೆಯ ಪ್ರತಿ ಅಕ್ಷರ ಹೇಮಾಳಿಗೆ ಗೊತ್ತಿತ್ತು, ಒಂದು ಉಸಿರಿಗೆ ಹೇಳಿ ಮುಗಿಸಬಹುದಿತ್ತು. ಅವಳು ಬಗ್ಗಿ, ಬಿಚ್ಚದ ಸೆರಗನ್ನು ಬಿಚ್ಚಿ ಮತ್ತೆ ಸಿಕ್ಕಿಸತೊಡಗಿದಳು. ಮಕ್ಕಳು ಕಾದರು. ಗುಂಡುಗಳ ಮೇಲಿಂದ ಬಿಸಿಲು ಒಂದು ಗೇಣು ಕೆಳಗೆ ಸರಿಯಿತು. ಪಂಪಾವತಿ ಅವಸರಪಡಿಸುವ ನಗೆಯನ್ನೂ ನಗಲಿಲ್ಲ, ಸಮಾಧಾನದ ತಲೆಯನ್ನೂ ಆಡಿಸಲಿಲ್ಲ. ಇಡೀ ಬೆಳಗು ತನ್ನ ಬಳಿ ಇದೆ ಎಂಬಂತೆ ನಿಂತಿದ್ದಳು.

ಕಾವ್ಯ ಕಣ್ಣು ಮುಚ್ಚಿ, ತೆರೆದು, ಗುಡ್ಡದ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವ ದನಿಯಲ್ಲಿ ಕೇಳಿದಳು.

"ಅ... ಅತ್ತೀ, ನಾ... ನಾ ಮ... ಮ... ಮುಂದ ನಡೀಲೇನು?"